ಅಪ್‌ಡೇಟ್: ಫೋನಿನಲ್ಲಿ ಹುಡುಕುವ ಗಾಲ್ಫ್ ಚೆಂಡು, ಕೊನೆಗೂ ತಗೊಂಡೆ

ಪ್ರತಿ ರೌಂಡಿನಲ್ಲೂ ಮೂರ್ನಾಲ್ಕು ಚೆಂಡು ಕಳೆದುಕೊಳ್ಳುತ್ತೇನೆ, ಒಳಗೆ ಬ್ಲೂಟೂತ್ ಚಿಪ್ ಇರುವ ಸ್ಮಾರ್ಟ್ ಚೆಂಡು ತಗೊಂಡರೆ ಉಪಯೋಗ ಆಗುತ್ತಾ ಅಂತ ಹೋದ ಸಲ ಕೇಳಿದ್ದೆ. "ಮೊದಲು ಸ್ವಿಂಗ್ ಸರಿ ಮಾಡ್ಕೊಳ್ಳಿ" ಅಂದವರಿಗೆ ವಿಶೇಷ ಧನ್ಯವಾದ. ಮಾತು ಕೇಳದೆ ಎರಡು ತಗೊಂಡೆ. ಆರು ರೌಂಡ್ ಆಯ್ತು.

ಒಂದು ಈಗಾಗಲೇ ನೀರು ಪಾಲು. ಮುಳುಗಿದ್ದೇ ತಡ, ಸಿಗ್ನಲ್ ಮಾಯ. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ನುಂಗಿಬಿಡುತ್ತದೆ. ಒದ್ದೆ ಹುಲ್ಲೂ ಸ್ವಲ್ಪ ಹಾಗೇ.

ರಫ್‌ನಲ್ಲಿ, ಅಂದರೆ ಮೈದಾನದ ಅಂಚಿನ ಉದ್ದ ಹುಲ್ಲಿನಲ್ಲಿ, ಮಾತ್ರ ಖುಷಿ ಆಯ್ತು. ಆಪ್ ದಿಕ್ಕು ತೋರಿಸುವುದಿಲ್ಲ, ಚೆಂಡಿನ ಹತ್ತಿರ ಬಂದ ಹಾಗೆಲ್ಲ ಪರದೆಯ ಮೇಲಿನ ಸಿಗ್ನಲ್ ಪಟ್ಟಿ ತುಂಬುತ್ತದೆ ಅಷ್ಟೆ. ಒಂದು ಮರದ ಕೆಳಗೆ ಪಟ್ಟಿ ಪೂರ್ತಿ ತುಂಬಿದೆ, ಚೆಂಡು ಕಾಣಿಸ್ತಿಲ್ಲ! ಅದೇ ಜಾಗದಲ್ಲಿ ಎರಡು ಸುತ್ತು ಹಾಕಿದೆ. ಶೂ ತುದಿಯಿಂದ ತರಗೆಲೆ ಸರಿಸಿದರೆ ಚೆಂಡು ಅಲ್ಲೇ ಉರುಳಿತು. ಹುಡುಕುವಾಗ ಅಕಸ್ಮಾತ್ ಅಲುಗಿದರೆ ಪೆನಾಲ್ಟಿ ಇಲ್ಲ, ಮೊದಲಿದ್ದ ಕಡೆ ವಾಪಸ್ ಇಟ್ಟರಾಯ್ತು.

ತಲೆನೋವು ಸಮಯದ್ದು. ಗಾಲ್ಫ್ ನಿಯಮದಲ್ಲಿ 2019ರಿಂದ ಚೆಂಡು ಹುಡುಕೋಕೆ ಇರುವುದು 3 ನಿಮಿಷ, ಅದಕ್ಕೂ ಮೊದಲು 5 ಇತ್ತು. ನನ್ನ ಫೋನಿಗೆ ಕನೆಕ್ಟ್ ಆಗೋಕೇ ಒಂದು ನಿಮಿಷ ಬೇಕು. ಈಗ ನಡೆಯುತ್ತಲೇ ಆಪ್ ತೆರೆದಿರುತ್ತೇನೆ.

ಪಂದ್ಯಕ್ಕೆ ಒಯ್ಯಬಹುದಾ ಅಂತ ಒಬ್ಬರು ಕೇಳಿದ್ದರು. ಮಾನ್ಯ ಚೆಂಡುಗಳ ಪಟ್ಟಿ ಕಡ್ಡಾಯ ಮಾಡಿರುವ ಕಡೆ, ಪಟ್ಟಿಯಲ್ಲಿಲ್ಲದ ಚೆಂಡು ಹೊಡೆದರೆ ನೇರ ಅನರ್ಹ. ನಾನಂತೂ ಸುಮ್ನೆ ಗೆಳೆಯರ ಜೊತೆ ಆಡುವಾಗ ಮಾತ್ರ ತೆಗೆಯುತ್ತೇನೆ, ಅದೂ ನೀರಿಲ್ಲದ ಹೋಲ್‌ಗಳಲ್ಲಿ.