ಫೋನಿನಿಂದ ಬಂದ ಸಮೀಕ್ಷೆ ಉತ್ತರಗಳೆಲ್ಲ ಎಡಗಡೆ ಕಾಲಂನಲ್ಲೇ ಇವೆ, ಕೈಬಿಡಬಹುದೇ?

ಗೂಡು_ಲೆಕ್ಕ (ಶಿಡ್ಲಘಟ್ಟ): ರೇಷ್ಮೆ ಬೆಳೆಗಾರರಿಗೆ ಗೂಗಲ್ ಫಾರ್ಮ್ಸ್‌ನಲ್ಲಿ ಸಮೀಕ್ಷೆ ಮಾಡುತ್ತಿದ್ದೇವೆ. ಚಾಕಿ ಹುಳು (ಎಳೆಯ ರೇಷ್ಮೆ ಹುಳು), ಗೂಡಿನ ದರ, ತೂಕದ ಬಗ್ಗೆ 12 ಹೇಳಿಕೆ, 5 ಆಯ್ಕೆ, ಎಲ್ಲ ಒಂದೇ ಗ್ರಿಡ್ (ಹೇಳಿಕೆಗಳು ಸಾಲಿನಲ್ಲಿ, ಆಯ್ಕೆಗಳು ಕಾಲಂನಲ್ಲಿ ಇರುವ ಕೋಷ್ಟಕ). ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ತುಂಬಿದವರ ಉತ್ತರ ಸರಿಯಿದೆ. ಫೋನಿನವರು 'ಪೂರ್ತಿ ಒಪ್ಪುತ್ತೇನೆ', 'ಒಪ್ಪುತ್ತೇನೆ' ದಾಟಿಯೇ ಇಲ್ಲ. 'ಸಮಸ್ಯೆ ಬರೆಯಿರಿ' ಅಂದಲ್ಲಿ ಬರೀ 'ರೇಟು' ಅಂತಿದೆ.

ಅಂಕಿಅಂಶ_ಚಿಂತಾಮಣಿ: ಈಗಲೇ ಕೈಬಿಡಬೇಡಿ ಸರ್. ಮೊದಲು ಅಗ್ಗದ ಫೋನೊಂದರಲ್ಲಿ ನಿಮ್ಮ ಫಾರ್ಮ್ ತೆರೆದು ನೋಡಿ. ಬ್ರೌಸರ್ ಲೆಕ್ಕದಲ್ಲಿ ಪರದೆಯ ಅಗಲ ಸುಮಾರು 360 ಪಿಕ್ಸೆಲ್. ಬೆರಳಿಗೆ ಸಿಗುವಂತೆ ಒಂದು ಗುಂಡಿಗೆ 48 ಬೇಕೆಂದರೆ ಐದಕ್ಕೇ 240 ಹೋಯಿತು. ಉಳಿದ 120ರಲ್ಲಿ ಕನ್ನಡದ ಉದ್ದ ಹೇಳಿಕೆ ಕೂರುವುದಿಲ್ಲ. ಹಾಗಾಗಿ ಗ್ರಿಡ್ ಬಲಕ್ಕೆ ಸರಿಯುತ್ತದೆ, 'ಒಪ್ಪುವುದಿಲ್ಲ' ಕಾಲಂಗಳು ಪರದೆಯಾಚೆ ಉಳಿಯುತ್ತವೆ. ಎಳೆದು ನೋಡಬೇಕೆಂದು ಗೊತ್ತಿಲ್ಲದವರು ಕಂಡದ್ದನ್ನೇ ಒತ್ತುತ್ತಾರೆ. ಇಲ್ಲಿ ತಪ್ಪು ಬೆಳೆಗಾರರದ್ದಲ್ಲ, ಫಾರ್ಮಿನದ್ದು.

ಗ್ರಿಡ್ ಒಡೆಯಿರಿ. ಪ್ರತಿ ಹೇಳಿಕೆಯೂ ಬೇರೆ ಪ್ರಶ್ನೆಯಾಗಲಿ, ಆಯ್ಕೆಗಳು ಒಂದರ ಕೆಳಗೊಂದು ಬರಲಿ, ಒಂದು ಸೆಕ್ಷನ್‌ಗೆ 3 ಅಥವಾ 4 ಸಾಕು. ಫಾರ್ಮ್ ಉದ್ದವಾಗುತ್ತದೆ, ಫೋನಿನವರು ಅರ್ಧಕ್ಕೇ ಬಿಟ್ಟುಹೋಗುವುದೂ ಹೆಚ್ಚು, ಆದ್ದರಿಂದ 12 ಹೇಳಿಕೆಯನ್ನು 7ಕ್ಕೆ ಇಳಿಸಿ. ನಡೆಯುತ್ತಿರುವ ಫಾರ್ಮನ್ನೇ ತಿದ್ದಬೇಡಿ, ಉತ್ತರಗಳು ಬೀಳುವ ಶೀಟಿನಲ್ಲಿ ಹಳೇ ಹೊಸ ಕಾಲಂ ಕಲಸಿಹೋಗುತ್ತವೆ. ನಕಲು ತೆಗೆದು ಅದರಲ್ಲಿ ಮಾಡಿ.

ಸಮೀಕ್ಷಕಿ_ತುಮಕೂರು: ಗ್ರಂಥಾಲಯಕ್ಕೆ ಬಂದು ತುಂಬಿದವರು ಯಾರು, ನೋಡಿದ್ದೀರಾ? ಓದಿದವರು, ಬಿಡುವಿದ್ದವರೇ ಅಲ್ಲಿಗೆ ಬಂದಿದ್ದರೆ ವ್ಯತ್ಯಾಸದಲ್ಲಿ ಒಂದು ಪಾಲು ಜನರದ್ದು, ಸಾಧನದ್ದಲ್ಲ. ಫೋನಿನವರನ್ನೇ ಪಟ್ಟಿಯಲ್ಲಿನ ಕ್ರಮಸಂಖ್ಯೆಯ ಸರಿ, ಬೆಸ ನೋಡಿ ಎರಡು ಮಾಡಿ. ಒಂದು ಪಾಲಿಗೆ ಗ್ರಿಡ್ ಲಿಂಕ್, ಇನ್ನೊಂದಕ್ಕೆ ಬಿಡಿ ಪ್ರಶ್ನೆಗಳ ಲಿಂಕ್. ಹೇಳಿಕೆಗಳು ಮಾತ್ರ ಎರಡರಲ್ಲೂ ಅವೇ ಇರಲಿ. ಬಿಡಿ ಪ್ರಶ್ನೆಯವರು 'ಒಪ್ಪುವುದಿಲ್ಲ'ವನ್ನೂ ಒತ್ತತೊಡಗಿದರೆ ಕಾರಣ ಸಿಕ್ಕಿತು.

ಗೂಗಲ್ ಫಾರ್ಮ್ಸ್ ಯಾವ ಸಾಧನ ಎಂದು ದಾಖಲಿಸುವುದಿಲ್ಲ, ಕಳಿಸಿದ ಸಮಯ ಬಿಟ್ಟರೆ ಶುರುವಾದ ಸಮಯವೂ ಸಿಗದು. 'ಯಾವುದರಲ್ಲಿ ತುಂಬುತ್ತಿದ್ದೀರಿ' ಎಂಬ ಪ್ರಶ್ನೆ ಇಡಲೇಬೇಕು. ಲೈಮ್‌ಸರ್ವೆ ಎಂಬ ಸಮೀಕ್ಷೆ ತಂತ್ರಾಂಶಕ್ಕೆ ಹೋದರೆ ಸಮೀಕ್ಷೆ ಚಾಲೂ ಮಾಡುವ ಮೊದಲೇ ಸೇವ್ ಟೈಮಿಂಗ್ಸ್ (ತುಂಬಲು ಹಿಡಿದ ಸಮಯ ದಾಖಲಿಸುವ ಆಯ್ಕೆ) ಆನ್ ಮಾಡಿ, ಆಮೇಲೆ ಆಗುವುದಿಲ್ಲ.

ಗೂಡು_ಲೆಕ್ಕ (ಶಿಡ್ಲಘಟ್ಟ): ಫೋನಿನಲ್ಲಿ ನೋಡಿದೆ, ಮೂರನೇ ಕಾಲಂ ಅರ್ಧ ಮಾತ್ರ ಕಾಣುತ್ತದೆ. ಈಗಾಗಲೇ ಬಂದ ಉತ್ತರಕ್ಕೆ ಏನು ಮಾಡಲಿ? ಬರೆಯುವ ಪ್ರಶ್ನೆಗೆ?

ಅಂಕಿಅಂಶ_ಚಿಂತಾಮಣಿ: ಶೀಟಿನಲ್ಲಿ ಕೌಂಟ್‌ಯುನೀಕ್ (COUNTUNIQUE, ಎಷ್ಟು ಬಗೆಯ ಉತ್ತರ ಇವೆ ಎಂದು ಎಣಿಸುವ) ಸೂತ್ರವನ್ನು ಒಬ್ಬರ 12 ಕೋಶಗಳಿಗೆ ಹಾಕಿ. 1 ಬಂದರೆ ಎಲ್ಲಕ್ಕೂ ಒಂದೇ ಉತ್ತರ. ಗುರುತು ಹಾಕಿ, ಅಳಿಸಬೇಡಿ. 'ಗೂಡಿನ ದರ ಸಾಕಾಗುತ್ತದೆ', 'ಬರುವ ದರದಲ್ಲಿ ಖರ್ಚೂ ಹುಟ್ಟುವುದಿಲ್ಲ' ಎಂಬಂಥ ವಿರುದ್ಧ ಜೋಡಿ ಇದ್ದು ಎರಡಕ್ಕೂ 'ಪೂರ್ತಿ ಒಪ್ಪುತ್ತೇನೆ' ಅಂದಿದ್ದರೆ ಮಾತ್ರ ಅನುಮಾನಿಸಿ. ಅಂಥ ಜೋಡಿ ಇಲ್ಲದಿದ್ದರೆ ಈ ಗ್ರಿಡ್‌ನ ಫೋನ್ ಉತ್ತರಗಳನ್ನು ಕಂಪ್ಯೂಟರಿನವುಗಳ ಜೊತೆ ಕೂಡಿಸಿ ಸರಾಸರಿ ತೆಗೆಯಬೇಡಿ.

ಸಮೀಕ್ಷಕಿ_ತುಮಕೂರು: ಫೋನಿನಲ್ಲಿ ಕನ್ನಡ ಟೈಪಿಸುವುದು ನಿಧಾನ, 'ರೇಟು' ಅಂದವರು ಉತ್ತರ ಕೊಟ್ಟೇ ಇದ್ದಾರೆ. ಅಳತೆಗಳನ್ನೆಲ್ಲ ಸಂಖ್ಯೆಗೆ ತನ್ನಿ: ಎಕರೆ ಒಂದು ಕೋಶ, ಗುಂಟೆ ಇನ್ನೊಂದು (0ರಿಂದ 39ರ ಮಿತಿ ಹಾಕಿ), 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪನ್ನು ಒಂದು ಮೊಟ್ಟೆ ಎಂದು ಲೆಕ್ಕ) ಎಷ್ಟು ಕೆಜಿ ಗೂಡು ಎಂಬುದು ಮತ್ತೊಂದು. ಬರೆಯುವ ಪ್ರಶ್ನೆ ಒಂದೇ ಇರಲಿ, ಅದರ ಕೆಳಗೆ 'ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು' ಎಂದು ಬರೆಯಿರಿ. ಲಿಂಕನ್ನು ಗೂಡಿನ ಹರಾಜಿನ ಹೊತ್ತಲ್ಲಿ ಕಳಿಸಬೇಡಿ, ಸಂಜೆ ಹುಳುವಿಗೆ ಸೊಪ್ಪು ಹಾಕಿ ಮುಗಿದ ಮೇಲೆ ಕಳಿಸಿ.