ಅಡ್ಮಿನ್ ಟೂಲ್‌ಗೆ ಬೇರೆ ಖಾತೆ ಬೇಕೇ?

ಬೀಗದಕೈ: ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ನಾನು ಸಾಮಾನ್ಯ ಖಾತೆಯಲ್ಲೇ ಲಾಗಿನ್ ಆಗುತ್ತೇನೆ. ಆಫೀಸಿನ ಎಲ್ಲರ ಖಾತೆಗಳನ್ನು ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಟೂಲ್ ಬೇಕಾದಾಗ ಶಿಫ್ಟ್ ಒತ್ತಿ, ರೈಟ್ ಕ್ಲಿಕ್ ಮಾಡಿ, ಅಡ್ಮಿನ್ ಖಾತೆಯ ಹೆಸರಲ್ಲಿ ತೆರೆಯುತ್ತೇನೆ. ಎಲ್ಲರೂ ಹೀಗೇ ಮಾಡಬೇಕು. ಮೇಲ್ ಓದುವ ಖಾತೆಗೆ ಇಡೀ ಡೊಮೈನಿನ (ಆಫೀಸಿನ ಎಲ್ಲ ಖಾತೆ, ಕಂಪ್ಯೂಟರುಗಳ) ಅಧಿಕಾರ ಯಾಕೆ?

ಮಟಮಟ ಮಧ್ಯಾಹ್ನ: "ಎಲ್ಲರೂ" ಅಂದರೆ? ಮನೆಯಲ್ಲಿ ಒಬ್ಬನೇ ಬಳಸುವವನೂ ಎರಡು ಪಾಸ್‌ವರ್ಡ್ ಇಟ್ಟುಕೊಳ್ಳಬೇಕಾ? ಅಡ್ಮಿನ್ ಅಧಿಕಾರ ಕೊಡುವ ಮುನ್ನ ಒಪ್ಪಿಗೆ ಕೇಳುವ ಯುಎಸಿ ವಿಂಡೋಸ್ ವಿಸ್ಟಾ ಕಾಲದಿಂದ ಇದೆ. ಕೇಳಿದಾಗ ಹೌದು ಒತ್ತಿದರೆ ಆಯ್ತು.

ಬೀಗದಕೈ: "ಹೌದು ಒತ್ತಿದರೆ ಆಯ್ತು" ಅನ್ನುವುದೇ ತೊಂದರೆ. ಯುಎಸಿ ಭದ್ರತೆಯ ಗಡಿ ಅಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ.

ಕರಿಹಲಗೆ: ಗಡಿ ಗಿಡಿ ಬಿಡಿ. ದಿನಕ್ಕೆ 30 ಸಲ ಪಾಸ್‌ವರ್ಡ್ ಹೊಡೆಯಲು ನನ್ನಿಂದ ಆಗುವುದಿಲ್ಲ. ಬೇರೆ ಖಾತೆಯಲ್ಲಿ ಪ್ರೋಗ್ರಾಮ್ ತೆರೆಯುವ ರನ್‌ಆಸ್ ಕಮಾಂಡಿಗೆ, ಪಾಸ್‌ವರ್ಡ್ ಉಳಿಸಿಡುವ ಸೇವ್‌ಕ್ರೆಡ್ ಸೇರಿಸಿ ಶಾರ್ಟ್‌ಕಟ್ ಮಾಡಿಕೊಳ್ಳಿ. ಒಮ್ಮೆ ಕೊಟ್ಟರೆ ಸಾಕು.

ಬೀಗದಕೈ: ದಯವಿಟ್ಟು ಯಾರೂ ಹಾಗೆ ಮಾಡಬೇಡಿ! ಆ ಪಾಸ್‌ವರ್ಡ್ ಒಂದು ಶಾರ್ಟ್‌ಕಟ್‌ಗೆ ಮಾತ್ರ ಕಟ್ಟುಬಿದ್ದಿರುವುದಿಲ್ಲ. ನಿಮ್ಮ ಖಾತೆಯಲ್ಲಿ ಓಡುವ ಯಾವ ಪ್ರೋಗ್ರಾಮ್ ಬೇಕಾದರೂ ಅದನ್ನು ಬಳಸಬಹುದು.

ಕರಿಹಲಗೆ: "ಯಾವ ಪ್ರೋಗ್ರಾಮ್ ಬೇಕಾದರೂ" ಅಂತ ಸುಮ್ನೆ ಹೆದರಿಸಬೇಡಿ. ಅದು ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಎನ್‌ಕ್ರಿಪ್ಟ್ ಆಗಿರುತ್ತದೆ. ಓದಲು ಆಗುವುದಿಲ್ಲ.

ಬೀಗದಕೈ: ಓದುವುದು ಯಾಕೆ? ಬಳಸಿದರೆ ಸಾಕು ಅಲ್ವಾ? ಶಾರ್ಟ್‌ಕಟ್‌ನಲ್ಲಿ ಟೂಲಿನ ಹೆಸರು ಅಳಿಸಿ ಸಿಎಂಡಿ (ಕಮಾಂಡ್ ಕೊಡುವ ಕಿಟಕಿ) ಎಂದು ಬರೆಯಿರಿ. ಪಾಸ್‌ವರ್ಡ್ ಕೇಳುತ್ತದಾ ಹೇಳಿ.

ತುಂಗೆ ದಡ: ಇದಕ್ಕೇ ಲಿನಕ್ಸಿಗೆ ಬನ್ನಿ ಅನ್ನುವುದು. ಬೇರೆ ಖಾತೆಯ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸೂಡೋ 1980ರಿಂದ ಇದೆ. ಯಾರು ಯಾವ ಕಮಾಂಡ್ ಓಡಿಸಬಹುದು ಎಂದು ಸಾಲುಸಾಲಾಗಿ ಬರೆದಿಡಬಹುದು.

ಮಟಮಟ ಮಧ್ಯಾಹ್ನ: "1980ರಿಂದ" ಅಂತ ಹೆಮ್ಮೆ ಬೇರೆ. 2021ರಲ್ಲಿ ಅದೇ ಸೂಡೋದಲ್ಲಿ ಸುಮಾರು 10 ವರ್ಷ ಅಡಗಿದ್ದ ದೋಷ ಸಿಕ್ಕಿತು. ಪಾಸ್‌ವರ್ಡೇ ಇಲ್ಲದೆ ರೂಟ್, ಅಂದರೆ ಲಿನಕ್ಸಿನ ಪೂರ್ತಿ ಅಧಿಕಾರದ ಖಾತೆ, ಆಗಬಹುದಿತ್ತು.

ತುಂಗೆ ದಡ: ಸುದ್ದಿ ಹೊರಬಂದ ದಿನವೇ ಸರಿಪಡಿಸಿದ ಆವೃತ್ತಿಯೂ ಬಂತು. ಅದನ್ನು ಯಾಕೆ ನುಂಗಿದಿರಿ?

ಕರಿಹಲಗೆ: @ಬೀಗದಕೈ, ಸಿಎಂಡಿ ಬರೆದು ನೋಡಿದೆ, ಪಾಸ್‌ವರ್ಡ್ ಕೇಳಲಿಲ್ಲ, ನಿಜ. ಆದರೆ ತೆರೆದುಕೊಂಡ ಸಿಎಂಡಿಗೆ ಪೂರ್ತಿ ಅಧಿಕಾರವೂ ಇರಲಿಲ್ಲ. ರನ್‌ಆಸ್ ಖಾತೆ ಬದಲಿಸುತ್ತದೆ ಅಷ್ಟೇ, ಎಲಿವೇಟ್ ಮಾಡುವುದಿಲ್ಲ, ಅಂದರೆ ಪೂರ್ತಿ ಅಡ್ಮಿನ್ ಅಧಿಕಾರಕ್ಕೆ ಏರಿಸುವುದಿಲ್ಲ. ಇದನ್ನು ನೀವು ಬೇಕಂತಲೇ ಮುಚ್ಚಿಟ್ಟಿರಿ.

ಬೀಗದಕೈ: ಮುಚ್ಚಿಟ್ಟೆನಾ? ಮಾತು ನೋಡಿಕೊಂಡು ಆಡಿ. ಆ ಮಿತಿ ನಿಮ್ಮ ಕಂಪ್ಯೂಟರಿನ ಒಳಗೆ ಮಾತ್ರ. ಅದೇ ಸಿಎಂಡಿಯಿಂದ ನೆಟ್‌ವರ್ಕ್ ದಾಟಿ ಸರ್ವರಿಗೆ ಹೋದರೆ ಡೊಮೈನ್ ಅಡ್ಮಿನ್ ಪೂರ್ತಿ ಅಡ್ಮಿನ್ನೇ. ಯೂಸರ್ ಖಾತೆ ಅಳಿಸುವುದಕ್ಕೆ ಎಲಿವೇಶನ್ ಬೇಕಿಲ್ಲ.

ಕರಿಹಲಗೆ: ಸರ್ವರಿನ ಮಾತು ಈಗ ತಂದಿರಿ. ನನ್ನ ಡೆಸ್ಕ್‌ಟಾಪಿಗೆ ಬೇರೆ ಯಾರೂ ಕೈ ಹಾಕುವುದಿಲ್ಲ. ಶಾರ್ಟ್‌ಕಟ್ ತೆಗೆಯುವುದಿಲ್ಲ.

ಬೀಗದಕೈ: ಕೈ ಹಾಕಬೇಕಿಲ್ಲ. ಮೇಲ್‌ನಲ್ಲಿ ಬಂದ ಒಂದು ಫೈಲ್ ನೀವೇ ತೆರೆದರೆ ಸಾಕು. ಉಳಿಸಿಟ್ಟ ಪಾಸ್‌ವರ್ಡ್ ಯಾವ ಖಾತೆಗಳದು ಎಂದು ತೋರಿಸುವ ಸಿಎಂಡಿಕೀ ಲಿಸ್ಟ್ ಕಮಾಂಡ್ ಇವತ್ತೇ ಕೊಟ್ಟು ನೋಡಿ. ನಿಮ್ಮ ಅಡ್ಮಿನ್ ಖಾತೆಯ ಹೆಸರು ಅಲ್ಲಿ ಕೂತಿರುತ್ತದೆ. ಅಳಿಸಿಬಿಡಿ.

ಮಟಮಟ ಮಧ್ಯಾಹ್ನ: ಮನೆ ಕಂಪ್ಯೂಟರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.