ಡೊಂಬಿವಲಿಯಿಂದ ಸಯನ್‌ಗೆ ಎದೆಹಾಲು: ದಾರಿಯಲ್ಲಿ ಕೆಡುವುದೆಲ್ಲಿ? ಹಾಲಿನ ಬ್ಯಾಂಕಿನ ಹಾಲು ತಾಯಿಹಾಲಿಗೆ ಸಮವೇ?

ಪ್ರಶ್ನೆ | ಡೊಂಬಿವಲಿ ಪೂರ್ವ

ನಮಸ್ಕಾರ. ದಿನ ತುಂಬುವ ಮೊದಲೇ ಹೆತ್ತ ತಾಯಂದಿರಿಗಾಗಿ ನಮ್ಮ ಮಹಿಳಾ ಬಳಗದಿಂದ ಒಂದು ಪುಟದ ಕನ್ನಡ ಕರಪತ್ರ ಮಾಡುತ್ತಿದ್ದೇವೆ. ಸಾಮಾನ್ಯವಾಗಿ ಆಗುವುದು ಹೀಗೆ: ತಾಯಿಗೆ ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್, ಮಗು ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಮನೆಯಲ್ಲಿ ಹಾಲು ತೆಗೆದು, ಗಂಡನೋ ತಮ್ಮನೋ ಫಾಸ್ಟ್ ಲೋಕಲ್ ಹಿಡಿದು, ಕುರ್ಲಾದಲ್ಲಿ ಸ್ಲೋಗೆ ಬದಲಿಸಿ ಮುಂಬಯಿಯ ಸಯನ್ ಆಸ್ಪತ್ರೆಗೆ ಮುಟ್ಟಿಸಬೇಕು. ಲೆಕ್ಕಕ್ಕೆ 30 ವಾರಕ್ಕೆ ಹುಟ್ಟಿದ, 1,250 ಗ್ರಾಂ ತೂಕದ ಮಗು ಅಂದುಕೊಳ್ಳಿ.

ಮೂರು ಸಂಗತಿ ಖಚಿತವಾಗಬೇಕು. ಹಾಲನ್ನು ಹೇಗೆ ತುಂಬಿ ಒಯ್ಯಬೇಕು? ತಾಯಿಗೆ ಹಾಲು ಸಾಲದಿದ್ದಾಗ ಕೊಡುವ ಬ್ಯಾಂಕಿನ ಹಾಲಿನಲ್ಲಿ (ಬೇರೆ ತಾಯಂದಿರು ದಾನ ಕೊಟ್ಟದ್ದು) ಏನಿರುತ್ತದೆ, ಏನಿರುವುದಿಲ್ಲ? ಮತ್ತೆ, "ಎದೆಹಾಲಿಗೆ ಪುಡಿ ಯಾಕೆ ಬೆರೆಸ್ತಾರೆ, ನನ್ನ ಹಾಲಲ್ಲಿ ಸತ್ವ ಇಲ್ವಾ?" ಅಂತ ತಾಯಂದಿರು ಕೇಳುತ್ತಾರಲ್ಲ, ಅದಕ್ಕೆ ಏನು ಹೇಳಬೇಕು?

ಉತ್ತರ 1 | ಎನ್‌ಐಸಿಯು ಸಿಸ್ಟರ್, ಮುಲುಂಡ್

ಅಕ್ಕ, ಒಯ್ಯುವ ಮಾತಿಗೆ ಮೊದಲು ತೆಗೆಯುವುದನ್ನು ಬರೆಯಿರಿ. ಹಾಲು ಕಡಿಮೆಯಾಗುವುದು ಹೆಚ್ಚಾಗಿ ಅಲ್ಲೇ. ಹೆರಿಗೆಯಾದ ಒಂದು ಗಂಟೆಯೊಳಗೆ, ಸಾಧ್ಯವಾಗದಿದ್ದರೆ ಆರು ಗಂಟೆಯೊಳಗಾದರೂ ಶುರು ಮಾಡಬೇಕು. ಮೊದಲ ಎರಡು ದಿನ ಪಂಪ್‌ಗಿಂತ ಕೈಯೇ ವಾಸಿ. ಗಿಣ್ಣುಹಾಲು ಬರುವುದೇ ಹನಿಹನಿಯಾಗಿ, ಪಂಪಿನ ಬಟ್ಟಲಿಗೆ ಅಂಟಿಯೇ ಮುಗಿದುಹೋಗುತ್ತದೆ. ಆ ಹನಿಗಳನ್ನು ಸಿರಿಂಜ್‌ನಲ್ಲಿ ಎಳೆದು ಕೊಟ್ಟರೆ ಮಗುವಿನ ಎರಡೂ ಕೆನ್ನೆಯ ಒಳಗೆ 0.1 ಮಿ.ಲೀ. ಹಾಗೆ ಸವರುತ್ತೇವೆ. ಆಮೇಲೆ ದಿನಕ್ಕೆ 8ರಿಂದ 10 ಸಲ, ರಾತ್ರಿ ಒಂದು ಸಲ ಸೇರಿಸಿ. ರಾತ್ರಿಯದ್ದನ್ನು ಬಿಟ್ಟವರಿಗೆ ಎರಡನೇ ವಾರದಲ್ಲಿ ಹಾಲು ಇಳಿಯುತ್ತದೆ, ಯಾಕೆಂದರೆ ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುವುದೇ ರಾತ್ರಿ ಹೊತ್ತು. ಹದಿನಾಲ್ಕನೇ ದಿನಕ್ಕೆ ದಿನಕ್ಕೆ 500 ಮಿ.ಲೀ. ಮುಟ್ಟುವ ಗುರಿ ಇಟ್ಟುಕೊಳ್ಳಲಿ. ಮಗುವಿಗೆ ಈಗ ಅಷ್ಟು ಬೇಡವಾದರೂ ಮುಂದೆ ಬೇಕು.

ಪಂಪಿನ ಭಾಗಗಳನ್ನು ಮೊದಲು ತಣ್ಣೀರಲ್ಲಿ ತೊಳೆಯಬೇಕು. ನೇರ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸೋಪು ಬೆರೆಸಿದ ಬಿಸಿನೀರು, ಆಮೇಲೆ 10 ನಿಮಿಷ ಕುದಿಸುವುದು. ತೊಳೆಯುವುದು ಸಿಂಕ್‌ನಲ್ಲಿ ಅಲ್ಲ, ಅದಕ್ಕೇ ಇಟ್ಟ ಬೇರೆ ಪಾತ್ರೆಯಲ್ಲಿ. ಪೂರ್ತಿ ಒಣಗದೆ ಜೋಡಿಸಬೇಡಿ. ಮಳೆಗಾಲದ ಮುಂಬಯಿಯಲ್ಲಿ ಒಣಗುವುದೇ ಕಷ್ಟ, ಹಾಗಾಗಿ ಎರಡು ಸೆಟ್ ಇದ್ದರೆ ಒಳ್ಳೆಯದು.

ಇನ್ನು ಡಬ್ಬಿ. 150 ಮಿ.ಲೀ. ಬಾಟಲಿಯಲ್ಲಿ ತರಬೇಡಿ ಮಾರಾಯ್ರೆ. ನಿಮ್ಮ ಲೆಕ್ಕದ ಮಗುವಿಗೆ ಪೂರ್ಣ ಪ್ರಮಾಣಕ್ಕೆ ಬಂದಾಗ ಕೆ.ಜಿ.ಗೆ 160 ಮಿ.ಲೀ. ಅಂದರೂ ದಿನಕ್ಕೆ 200 ಮಿ.ಲೀ. ಎರಡು ಗಂಟೆಗೊಮ್ಮೆ ಅಂದರೆ ಸಲಕ್ಕೆ ಸುಮಾರು 17 ಮಿ.ಲೀ. ದೊಡ್ಡ ಬಾಟಲಿ ತೆರೆದ ಮೇಲೆ ಉಳಿದದ್ದು ಚರಂಡಿಗೆ. 30 ಮಿ.ಲೀ.ಯ ಗಟ್ಟಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಡಬ್ಬಿ ತನ್ನಿ, ಫ್ರೀಜ್ ಮಾಡುವುದಾದರೆ ಮುಕ್ಕಾಲು ಮಾತ್ರ ತುಂಬಿ. ಆಗಷ್ಟೇ ತೆಗೆದ ಬೆಚ್ಚಗಿನ ಹಾಲನ್ನು ತಣ್ಣಗಿರುವ ಹಾಲಿಗೆ ಸುರಿಯಬಾರದು. ತಣಿಸಿ ಆಮೇಲೆ ಸೇರಿಸಿ.

"ಹೊರಗೆ 4 ಗಂಟೆ ಇರುತ್ತದೆ" ಅನ್ನುವ ಮಾತು 25 ಡಿಗ್ರಿ ಕೋಣೆಯದ್ದು. ಮೇ ತಿಂಗಳ ಡೊಂಬಿವಲಿಗೆ ಅದು ನಡೆಯುವುದಿಲ್ಲ. ತೆಗೆದ ಕೂಡಲೇ ಫ್ರಿಜ್‌ನ ಒಳಗೋಡೆಯ ಹತ್ತಿರ ಇಡಿ, ಬಾಗಿಲಲ್ಲಿ ಬೇಡ. ಎನ್‌ಐಸಿಯು ಮಗುವಿಗೆ ಫ್ರಿಜ್ ಹಾಲನ್ನು 24 ಗಂಟೆಯೊಳಗೆ ಮುಗಿಸುವ ಲೆಕ್ಕ ಇಟ್ಟರೆ ನಿಶ್ಚಿಂತೆ. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಖಾನೆಯನ್ನು ಡೀಪ್ ಫ್ರೀಜರ್ ಅಂತ ಎಣಿಸಬೇಡಿ. ಅಲ್ಲಿ ಎರಡು ವಾರವೇ ಹೆಚ್ಚು.

ದಾರಿಯಲ್ಲಿ ಆಗುವ ದೊಡ್ಡ ತಪ್ಪು ಐಸ್‌ನದ್ದು. ಫ್ರಿಜ್ ಹಾಲಿಗೆ ಐಸ್ ತುಂಡು ಸರಿ. ಗಟ್ಟಿಯಾದ ಹಾಲಿಗೆ ಅಲ್ಲ. ಕರಗುವ ಐಸ್ ಸೊನ್ನೆ ಡಿಗ್ರಿಯಲ್ಲಿರುತ್ತದೆ, ಎದೆಹಾಲು ಗಟ್ಟಿಯಾಗಿರಲು ಅದಕ್ಕಿಂತ ಕೆಳಗೆ ಇರಬೇಕು. ಅಂದರೆ ಐಸೇ ಹಾಲನ್ನು ಕರಗಿಸುತ್ತದೆ! ಅದಕ್ಕೆ ಫ್ರೀಜರ್‌ನಲ್ಲಿಟ್ಟ ಜೆಲ್ ಪ್ಯಾಕ್ ಬೇಕು. ಬ್ಯಾಗ್‌ನಲ್ಲಿ ಖಾಲಿ ಜಾಗ ಉಳಿದರೆ ಟವೆಲ್ ತುರುಕಿ. ಜುಲೈಯಲ್ಲಿ ಜೆಲ್ ಪ್ಯಾಕ್ ಇಮ್ಮಡಿ ಇಡಿ. ಕುರ್ಲಾ-ಸಯನ್ ನಡುವೆ ಹಳಿ ಮೇಲೆ ನೀರು ನಿಂತರೆ ಒಂದು ಗಂಟೆಯ ದಾರಿ ನಾಲ್ಕು ಗಂಟೆಯಾಗುತ್ತದೆ.

ಉತ್ತರ 2 | ಮೈಕ್ರೊಬಯಾಲಜಿ ಲ್ಯಾಬ್, ಪುಣೆ

ಬ್ಯಾಂಕಿನ ಹಾಲಿನ ಬಗ್ಗೆ ನಾ ಹೇಳ್ತೀನ್ರಿ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾದದ್ದೇ ಸಯನ್ ಆಸ್ಪತ್ರ್ಯಾಗ, 1989ರಾಗ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಮುಂದಾಳತ್ವದಾಗ. ಕರಪತ್ರದಾಗ ಇದನ್ನ ಹಾಕ್ರಿ, ಮಂದಿಗೆ ಧೈರ್ಯ ಬರ್ತದ.

ಹಾಲು ಕೊಡೋ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗಿರಬೇಕು. ತಂಬಾಕು ಇರಬಾರದು. ಇಲ್ಲಿ ಒಂದು ಮಾತು: "ತಂಬಾಕು ತಿಂತೀರೇನು?" ಅಂತ ಕೇಳಿದ್ರ ಇಲ್ಲ ಅಂತಾರ, ಆದ್ರ ಹಲ್ಲಿಗೆ ಮಿಶ್ರಿ ತಿಕ್ಕತಿರ್ತಾರ. ಮಿಶ್ರಿ ಅಂದ್ರ ಸುಟ್ಟ ತಂಬಾಕೇ. ಹೆಸರು ಹಿಡಿದೇ ಕೇಳಬೇಕು.

ಆಮೇಲೆ ಪಾಶ್ಚರೀಕರಣ, ಅಂದ್ರ ಹದವಾಗಿ ಕಾಯಿಸಿ ಸೂಕ್ಷ್ಮಜೀವಿ ಕೊಲ್ಲೋದು: 62.5 ಡಿಗ್ರಿ, 30 ನಿಮಿಷ. ಕೇಳಾಕ ಸರಳ. ಆದ್ರ ಗಡಿಯಾರ ಶುರು ಮಾಡೋದು ನೀರು 62.5 ಮುಟ್ಟಿದಾಗ ಅಲ್ಲ, ಬಾಟಲಿ ನಡುವಿನ ಹಾಲು ಮುಟ್ಟಿದಾಗ. ಅದಕ್ಕ ಒಂದು ಬಾಟಲಿ ಥರ್ಮಾಮೀಟರ್ ಹಾಕಿದ ಸಾಕ್ಷಿ ಬಾಟಲಿ ಇರ್ತದ, ಉಳಿದವುಗಳಾಗ ಇರೋವಷ್ಟೇ ಹಾಲು ಅದರಾಗೂ ತುಂಬಿರ್ತದ. ನೀರಿನ ಮಟ್ಟ ಹಾಲಿನ ಮಟ್ಟಕ್ಕಿಂತ ಮ್ಯಾಲ, ಮುಚ್ಚಳಕ್ಕಿಂತ ಕೆಳಗ ಇರಬೇಕು. ಮುಚ್ಚಳ ಮುಳುಗಿದ್ರ ತಣಿಯೋ ಹೊತ್ತಿಗೆ ಬಾಟಲಿ ಹೊರಗಿನ ನೀರನ್ನ ಒಳಗ ಎಳಕೋತದ, ಸ್ಯೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಬರೋ ದಾರಿ ಅದು. ಮುಗಿದ ಕೂಡಲೇ ತಣಿಸಿ, ಸ್ಯಾಂಪಲ್ ಕಲ್ಚರ್‌ಗೆ (ಸೂಕ್ಷ್ಮಜೀವಿ ಬೆಳೀತಾವೇನು ನೋಡೋ ಪರೀಕ್ಷೆಗೆ) ಹಾಕಿ, ಹಾಲು ಮೈನಸ್ 20ಕ್ಕ. ಕಲ್ಚರ್‌ನಾಗ ಏನರೆ ಬೆಳೀತು ಅಂದ್ರ ಆ ಬ್ಯಾಚ್ ಚೆಲ್ಲೋದೇ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಈ ಶಾಖಕ್ಕ ಸಾಯೂದಿಲ್ರಿ, ಅದಕ್ಕೇ ಈ ಕೊನೆಯ ಪರೀಕ್ಷೆ.

ಹೋಗೋದು ಏನು? ಜೀವಕೋಶಗಳು ಎಲ್ಲಾ ಸಾಯ್ತಾವ. ಕೊಬ್ಬು ಕರಗಿಸೋ ಲೈಪೇಸ್ ಪೂರ್ತಿ ನಿಷ್ಕ್ರಿಯ ಆಗ್ತದ, ಸೋಂಕು ತಡಿಯೋ ಪ್ರೋಟೀನ್ ಲ್ಯಾಕ್ಟೊಫೆರಿನ್ ಬಹುಪಾಲು ಹೋಗ್ತದ. ರೋಗನಿರೋಧಕ ಪ್ರತಿಕಾಯ ಐಜಿಎ ಒಂದಿಷ್ಟು ಕಳಕೊಂಡ್ರೂ ಅರ್ಧಕ್ಕಿಂತ ಹೆಚ್ಚು ಉಳೀತದ. ಹಾಲಿನ ವಿಶೇಷ ಸಕ್ಕರೆಗಳಾದ ಒಲಿಗೊಸ್ಯಾಕರೈಡ್‌ಗಳಿಗೆ ಏನೂ ಆಗೂದಿಲ್ಲ. ಅಂದ್ರ ತಾಯಿಹಾಲಿಗೆ ಸಮ ಅಲ್ಲ, ಡಬ್ಬಿ ಹಾಲಿನ ಪುಡಿಗಿಂತ (ಫಾರ್ಮುಲಾ) ಎಷ್ಟೋ ಮ್ಯಾಲ.

ವಾಟ್ಸಾಪ್ ಗ್ರೂಪ್‌ನಾಗ "ಹಾಲು ಹೆಚ್ಚಾಗೇದ, ಯಾರಿಗರೆ ಬೇಕೇನು" ಅಂತ ಬರ್ತಾವಲ್ಲ, ಅದು ಒಳ್ಳೆ ಮನಸ್ಸಿನ ಮಾತೇ ಖರೆ, ಆದ್ರೂ ಬ್ಯಾಡ. ಪರೀಕ್ಷೆ ಇಲ್ಲದ ಹಸಿಹಾಲು 1,250 ಗ್ರಾಂ ಕೂಸಿಗೆ ಅಪಾಯ. ದುಡ್ಡು ಕೊಟ್ಟು ತಗೊಳ್ಳೋದಂತೂ ಬ್ಯಾಡೇ ಬ್ಯಾಡ. ಎದೆಹಾಲಿನ ವ್ಯಾಪಾರ ಕೂಡದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಾಗ ಸ್ಪಷ್ಟ ಹೇಳೇದ.

ಉತ್ತರ 3 | ನವಜಾತ ಶಿಶು ವೈದ್ಯ, ಮಡಗಾಂವ್

ಪುಡಿಯ ಪ್ರಶ್ನೆಗೆ ಲೆಕ್ಕವೇ ಉತ್ತರ. ಈ ತೂಕದ ಮಗುವಿಗೆ ದಿನಕ್ಕೆ ಕೆ.ಜಿ.ಗೆ 3.5ರಿಂದ 4 ಗ್ರಾಂ ಪ್ರೋಟೀನ್ ಬೇಕು, ಅಂದರೆ 4.4ರಿಂದ 5 ಗ್ರಾಂ. ಬ್ಯಾಂಕಿನ ಹಾಲು ಬಹುತೇಕ ದಿನ ತುಂಬಿ ಹೆತ್ತವರದ್ದು, 100 ಮಿ.ಲೀ.ನಲ್ಲಿ 1 ಗ್ರಾಂ ಆಸುಪಾಸು. 200 ಮಿ.ಲೀ. ಕುಡಿದರೂ 2 ಗ್ರಾಂ. ಬೇಗ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಹೆಚ್ಚೇ ಇರುತ್ತದೆ, ಆದರೂ ಪೂರ್ತಿ ಸಾಲದು. ಗರ್ಭದ ಕೊನೆಯ ಹತ್ತು ವಾರದಲ್ಲಿ ಹೊಕ್ಕುಳ ಬಳ್ಳಿಯಿಂದ ಬರಬೇಕಿದ್ದ ಪ್ರೋಟೀನ್, ಕ್ಯಾಲ್ಸಿಯಂ, ಫಾಸ್ಫರಸ್‌ನ ಬಾಕಿಯನ್ನು ಫೋರ್ಟಿಫೈಯರ್, ಅಂದರೆ ಎದೆಹಾಲಿಗೆ ಬೆರೆಸುವ ಆ ಪುಡಿ, ತುಂಬುತ್ತದೆ. ತಾಯಂದಿರಿಗೆ ಹೀಗೇ ಹೇಳಿ: ನಿಮ್ಮ ಹಾಲಿನ ಕೊರತೆ ಅಲ್ಲ, ಮಗು ಬೇಗ ಬಂದದ್ದರ ಲೆಕ್ಕ.

ಇಲ್ಲಿ ಎಡವಟ್ಟು ಆಗುವುದು ಅಳತೆಯಲ್ಲಿ. ಕೆಲವು ಪೊಟ್ಟಣ 25 ಮಿ.ಲೀ.ಗೆ, ಕೆಲವು 50ಕ್ಕೆ. 17 ಮಿ.ಲೀ.ಗೆ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಒಡೆಯಬಾರದು. ಪೂರ್ತಿ ಪೊಟ್ಟಣವನ್ನು ಅದರ ಅಳತೆಯ ಹಾಲಿಗೆ ಬೆರೆಸಿ ಆಮೇಲೆ ಪಾಲು ಮಾಡಬೇಕು. ಬೆರೆಸಿಟ್ಟಷ್ಟು ಹೊತ್ತು ಆಸ್ಮೊಲಾಲಿಟಿ, ಅಂದರೆ ಹಾಲಿನಲ್ಲಿ ಕರಗಿದ ಕಣಗಳ ಸಾಂದ್ರತೆ, ಏರುತ್ತದೆ, ಆದ್ದರಿಂದ ಕುಡಿಸುವ ಹೊತ್ತಿಗೆ ಬೆರೆಸುವುದು ಲೇಸು. ಸಿರಿಂಜ್ ಪಂಪ್‌ನಲ್ಲಿ ನಿಧಾನವಾಗಿ ಕೊಡುವಾಗ ಮೂತಿ ಮೇಲಕ್ಕಿರಲಿ. ಕೊಬ್ಬು ತೇಲುತ್ತದೆ. ಮೂತಿ ಕೆಳಗಿದ್ದರೆ ಮೊದಲು ನೀರು ಹಾಲು ಹೋಗಿ ಕೊಬ್ಬು ಸಿರಿಂಜ್‌ನಲ್ಲೇ ಉಳಿಯುತ್ತದೆ. ತೂಕ ಏರದ ಎಷ್ಟೋ ಮಕ್ಕಳ ಕಾರಣ ಇಷ್ಟು ಚಿಕ್ಕದಿರುತ್ತದೆ. ದಿನಕ್ಕೆ ಕೆ.ಜಿ.ಗೆ 15ರಿಂದ 20 ಗ್ರಾಂ ಏರಬೇಕು.

ಬ್ಯಾಂಕಿನ ಹಾಲಿನ ಬಗ್ಗೆ ಸಂಶೋಧನೆಯ ತೂಕ ಎಲ್ಲಿ ನಿಂತಿದೆ ಅಂದರೆ, 2024ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ 483 ಅತಿ ಚಿಕ್ಕ ಶಿಶುಗಳಿದ್ದವು. ಕರುಳು ಕೊಳೆಯುವ ರೋಗ, ಅಂದರೆ ಎನ್‌ಇಸಿ, ಬ್ಯಾಂಕಿನ ಹಾಲು ಪಡೆದವರಲ್ಲಿ ಶೇ. 4.2, ಫಾರ್ಮುಲಾ ಪಡೆದವರಲ್ಲಿ ಶೇ. 9. ಬುದ್ಧಿ ಬೆಳವಣಿಗೆಯ ಅಂಕದಲ್ಲಿ ಮಾತ್ರ ವ್ಯತ್ಯಾಸವಿಲ್ಲ, ತೂಕ ಏರಿದ್ದು ಫಾರ್ಮುಲಾದಲ್ಲೇ ವೇಗವಾಗಿ. ಬ್ಯಾಂಕಿನ ಹಾಲು ಕರುಳು ಕಾಯುತ್ತದೆ ಅಂತ ಕರಪತ್ರದಲ್ಲಿ ಬರೆಯಿರಿ, ಮಿದುಳು ಚುರುಕಾಗಿಸುತ್ತದೆ ಅಂತ ಬರೆಯಬೇಡಿ.

ಇನ್ನೊಂದು. ನೀವು ಹಾಲನ್ನು ಸಾಗಿಸುವ ದಾರಿ ಕೇಳಿದ್ದೀರಿ, ನಾನಾದರೆ ತಾಯಿಯನ್ನೇ ಸಾಗಿಸಿ ಅನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಂಗರೂ ಆರೈಕೆ (ಮಗುವನ್ನು ತಾಯಿಯ ಬರಿಯ ಎದೆಗೆ ಒತ್ತಿ ಇಡುವುದು) ಪ್ರಯೋಗ 2021ರಲ್ಲಿ ಪ್ರಕಟವಾಯಿತು. ದಿಲ್ಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳು, 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3,211 ಶಿಶುಗಳು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ. 12, ಮಗು ಸ್ಥಿರವಾಗಲಿ ಅಂತ ಕಾದ ಗುಂಪಿನಲ್ಲಿ ಶೇ. 15.7. ನಿಮ್ಮ 1,250 ಗ್ರಾಂ ಈ ವ್ಯಾಪ್ತಿಯೊಳಗೇ ಬರುತ್ತದೆ. 2022ರಿಂದ ಆ ಸಂಸ್ಥೆಯ ಶಿಫಾರಸು ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ.

ಪ್ರಶ್ನೆ ಕೇಳಿದವರು

ಡಾಕ್ಟ್ರೇ, ಸಿಸೇರಿಯನ್ ಆದ ಬಾಣಂತಿ ಬೆಳಗ್ಗೆ 8ರ ಲೋಕಲ್ ಹತ್ತುವುದು ಹೇಗೆ? ಒಪ್ಪುತ್ತೇನೆ, ಆದರೆ ಎಲ್ಲರಿಗೂ ಆಗದು.

ಉತ್ತರ 3 | ಮಡಗಾಂವ್

8ರದ್ದು ಬೇಡ, 11ರ ನಂತರ ಬಂದು ಸಂಜೆಯ ನೂಕುನುಗ್ಗಲಿಗೆ ಮೊದಲು ಹೊರಡಲಿ. ಆ ನಾಲ್ಕು ಗಂಟೆ ಮಗು ಎದೆಯ ಮೇಲಿರಲಿ, ಮಗು ಪಕ್ಕದಲ್ಲೇ ಇರುವಾಗ ಹಾಲು ತೆಗೆದರೆ ಹೆಚ್ಚು ಬರುತ್ತದೆ, ಆ ಹಾಲಿಗೆ ಐಸೂ ಬೇಡ. ಉಳಿದ ಹೊತ್ತು ಅಪ್ಪನ ಎದೆಯೂ ಆಗುತ್ತದೆ. ಆಸ್ಪತ್ರೆಯಲ್ಲೇ ತಾಯಿಗೆ ಉಳಿಯಲು ವಾರ್ಡ್ ಇದೆಯೇ ಅಂತ ಡಿಸ್ಚಾರ್ಜ್‌ಗೆ ಮೊದಲೇ ಕೇಳಲು ಕರಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.

ಉತ್ತರ 1 | ಮುಲುಂಡ್

ಲೇಬಲ್ ಮಾತು ಬಿಟ್ಟುಹೋಯಿತು ಅಕ್ಕ. ತಾಯಿಯ ಹೆಸರು, ಮಗುವಿನ ನೋಂದಣಿ ಸಂಖ್ಯೆ, ತೆಗೆದ ದಿನಾಂಕ, 24 ಗಂಟೆ ಲೆಕ್ಕದಲ್ಲಿ ಸಮಯ, ತಾಯಿ ತಗೊಳ್ಳುವ ಮಾತ್ರೆ. ಬಾಲ್ ಪೆನ್ ಬೇಡ, ಡಬ್ಬಿ ಬೆವರಿದಾಗ ಅಳಿಸುತ್ತದೆ, ಮಾರ್ಕರ್ ಬೇಕು. ಅಂಕಿಗಳು ಇಂಗ್ಲಿಷ್‌ನಲ್ಲೇ ಇರಲಿ. ಮರಾಠಿಯ ಒಂದು ನೋಡಲು ಇಂಗ್ಲಿಷ್ ಒಂಬತ್ತಿನ ಹಾಗೇ ಇರುತ್ತದೆ, 1ನೇ ತಾರೀಕಿನ ಹಾಲು 9ರದ್ದಾಗಿಬಿಡುತ್ತದೆ.